ಎಂಟು ದಿನದ ವಾರ

ಕುಶಾಲನಗರ
9 ಜೂನ್ 2024

ಪ್ರೀತಿಯ ಕವನಾ,

ನಿನ್ನ ಮಾಕುಟ್ಟದಲ್ಲಿ ಫೋನು ಬರೀ ಟಾರ್ಚಾಗಿ ಕೆಲಸ ಮಾಡುತ್ತದೆ ಎಂದು ನಿಮ್ಮ ಅವ್ವ ಮೂರ್ನಾಡಿನಿಂದ ಫೋನು ಮಾಡಿ ಹೇಳಿದರು. ಪಾಲಿಟೆಕ್ನಿಕ್‌ನಲ್ಲಿ ಮೂರು ವರ್ಷ ಒಂದೇ ಬೆಂಚಿನಲ್ಲಿ ಕೂತವಳಿಗೆ ಈಗ ಅಂಚೆ ಚೀಟಿ ಅಂಟಿಸಿ ಬರೆಯುವ ಯೋಗ ನನಗೆ. ಫಾರೆಸ್ಟ್ ಗಾರ್ಡ್ ಆಗಿ ಚೆಕ್‌ಪೋಸ್ಟಿನಲ್ಲಿ ನಿಂತ ಮೇಲೆ ನೀನು ದಪ್ಪಗಾಗಿದ್ದೀಯಂತೆ. ಅದನ್ನೂ ಅವರೇ ಹೇಳಿದ್ದು.

ಜೊತೆಗಿರುವ ಹಾಳೆಗಳು ನಮ್ಮ 'ಗೆಣ್ಣು'. ಕೂಡುವುದು, ಕಳೆಯುವುದು, ಗುಣಿಸುವುದು ಮುಗಿದಿದೆ. ಇವುಗಳನ್ನು ಪ್ರಿಂಟ್ ಹಾಕುವಾಗ ನನ್ನ ಜೆರಾಕ್ಸ್ ಅಂಗಡಿಗೆ ನೆಲ್ಯಹುದಿಕೇರಿ ಕಡೆಯ, ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಒಬ್ಬರು ಬಂದಿದ್ದರು. ಆಧಾರ್ ಕಾರ್ಡಿನ ಪ್ರತಿ ಬೇಕಿತ್ತು.

"ಇದೆಂತ ಮಾರಾಯ್ತಿ, ಬರೀ ಬ್ರಾಕೆಟ್ಟೇ ಉಂಟಲ್ಲ?"

"ಲೆಕ್ಕ ಮಾಡೋ ಪ್ರೋಗ್ರಾಮು ಸಾರ್. ಕಂಪ್ಯೂಟರಿನ ಮಾಮೂಲಿ ಸಂಖ್ಯೆಗೆ ಹತ್ತೊಂಬತ್ತು ಅಂಕಿ ಬರೋಷ್ಟರಲ್ಲಿ ಉಸಿರು ಕಟ್ಟುತ್ತೆ. ಇದಕ್ಕೆ ಕಟ್ಟಲ್ಲ. ಸಂಖ್ಯೇನ ತುಂಡು ಮಾಡಿ ಕಬ್ಬಿನ ಗೆಣ್ಣಿನ ಥರ ಒಂದರ ಮೇಲೊಂದು ಜೋಡಿಸ್ತಾ ಹೋಗೋದು. ಎಷ್ಟುದ್ದ ಬೇಕಾದ್ರೂ ಬೆಳೀಲಿ."

"ಅಷ್ಟುದ್ದದ ನಂಬರು ಯಾರಿಗೆ ಬೇಕು?"

"ಬೇಕು ಅಂದಾಗ ಇರಬೇಕಲ್ಲ ಸಾರ್."

ಅವರು ತಲೆಯಾಡಿಸಿ, ಆಧಾರ್ ಪ್ರತಿ ಮಸುಕಾಗಿದೆ, ಇನ್ನೊಂದು ಹಾಕು ಎಂದರು.

ಈಗ ಮುಖ್ಯ ಸುದ್ದಿ. ಮೈಸೂರಿನ 'ಎಣಿಕೆ ಬಳಗ'ದವರು ಹೈಸ್ಕೂಲು ಮಕ್ಕಳಿಗೆ ಕನ್ನಡದಲ್ಲೇ ಪ್ರೋಗ್ರಾಮಿಂಗ್ ಕಲಿಸುವ ಪಾಠ ಮಾಡುತ್ತಿದ್ದಾರೆ. ಅದರೊಳಗಿನ ಲೆಕ್ಕವನ್ನೆಲ್ಲ ಮಾಡಲು ಗೆಣ್ಣು ಬೇಕಂತೆ. ಬಳಗದ ಮುಖ್ಯಸ್ಥ ಧರ್ಮೇಶ್ ಸರ್ ತಾವೇ ಫೋನು ಮಾಡಿದ್ದರು. ಪಾಠ ತೆರೆದ ಕೂಡಲೇ ಮೊದಲ ಪರದೆಯಲ್ಲಿ ನಮ್ಮಿಬ್ಬರ ಹೆಸರು ಇರುತ್ತದೆ. ಭಾಗಾಕಾರ ಮುಗಿಸಿ ಕೊಟ್ಟರೆ ಜನವರಿಗೆ ಶಾಲೆಗಳಿಗೆ ಹೋಗುತ್ತದೆ.

ಇಬ್ಬರೂ ಸಹಿ ಮಾಡದೆ ಗೆಣ್ಣಿನ ಒಂದು ಸಾಲೂ ಬದಲಾಗಬಾರದು ಎಂದು ಕ್ಯಾಂಟೀನಿನಲ್ಲಿ ಮಾಡಿಕೊಂಡ ಕರಾರು ನೆನಪಿದೆಯಷ್ಟೆ? ಕೆಂಪು ಪೆನ್ನು ಹಿಡಿ, ಓದು, ಸಹಿ ಹಾಕಿ ಕಳಿಸು.

ನಿನ್ನ
ಲಿಖಿತಾ


ಮಾಕುಟ್ಟ
21 ಜೂನ್ 2024

ಪ್ರೀತಿಯ ಲಿಖಿತಾ,

ದಪ್ಪಗಾಗಿಲ್ಲ. ಯೂನಿಫಾರ್ಮ್ ದೊಡ್ಡದು ಕೊಟ್ಟಿದ್ದಾರೆ.

ನಿನ್ನ ಹಾಳೆಗಳನ್ನು ಮೇಜಿನ ಮೇಲೆ ಹರಡಿಕೊಂಡು ಓದುತ್ತಿದ್ದೆ. ಕೇರಳದ ಕಡೆಯಿಂದ ಬಂದ ಲಾರಿ ಡ್ರೈವರ್ ಒಬ್ಬ ಕಿಟಕಿಯಲ್ಲಿ ಇಣುಕಿ, "ಮೇಡಂ, ಇದೆಲ್ಲ ಹೊಸ ಪರ್ಮಿಟ್ಟಾ?" ಎಂದು ಗಾಬರಿಯಾದ. ನನ್ನ ಜೊತೆ ಡ್ಯೂಟಿ ಮಾಡುವ ಮುತ್ತಣ್ಣ, "ಹೌದು, ಇದರಲ್ಲಿ ಪಾಸಾದ್ರೆ ಮಾತ್ರ ಗಾಡಿ ಮುಂದಕ್ಕೆ" ಎಂದುಬಿಟ್ಟರು. ಪಾಪದವನು ನಿಜವೆಂದು ನಂಬಿ ಕನ್ನಡಕ ಹಾಕಿಕೊಂಡ.

ಕೂಡಿದಾಗ ಹಳೆಯ ಎರಡು ಸಂಖ್ಯೆಗಳನ್ನೂ ಮುಟ್ಟದೆ ಹೊಸದೊಂದನ್ನು ಹುಟ್ಟಿಸಿದ್ದೀಯ. ಅದು ಚೆನ್ನಾಗಿದೆ. ಲೆಕ್ಕ ಮಾಡಿ ಮುಗಿಸುವಷ್ಟರಲ್ಲಿ ಕೊಟ್ಟ ಸಂಖ್ಯೆಯೇ ಕೈತಪ್ಪಿ ಹೋದರೆ ಯಾರಿಗೆ ಬೇಕು?

ಆದರೆ ನಾಲ್ಕನೆಯ ಹಾಳೆ ನೋಡು. ಮೈನಸ್ ಐದಕ್ಕೆ ಐದು ಕೂಡಿಸು. ಸೊನ್ನೆ ಬರುತ್ತದೆ, ಸರಿ. ಆದರೆ ಆ ಸೊನ್ನೆಯ ಮುಂದಿರುವ ಮೈನಸ್ ಚಿಹ್ನೆಯನ್ನು ಅಳಿಸಲು ನೀನು ಮರೆತಿದ್ದೀಯ. ಅಲ್ಲಿಗೆ ಗೆಣ್ಣಿನಲ್ಲಿ ಎರಡು ಸೊನ್ನೆಗಳಾದವು, ಸಾದಾ ಸೊನ್ನೆ ಮತ್ತು ಮೈನಸ್ ಸೊನ್ನೆ. ಎರಡೂ ಸಮವೇ ಎಂದು ಕೇಳಿದರೆ ನಿನ್ನ ಸಮ-ಚಿಹ್ನೆ 'ಅಲ್ಲ' ಎನ್ನುತ್ತದೆ. ಏನೂ ಇಲ್ಲದಿರುವುದರಲ್ಲೂ ಎರಡು ಜಾತಿ ಮಾಡಿದವಳು ನೀನೊಬ್ಬಳೇ ಇರಬೇಕು.

ಅದನ್ನು ತಿದ್ದಿ ಕಳಿಸು, ಸಹಿ ಹಾಕುತ್ತೇನೆ.

ನಿನ್ನ
ಕವನಾ


ಕುಶಾಲನಗರ
5 ಜುಲೈ 2024

ಕವನಾ,

ಮೈನಸ್ ಸೊನ್ನೆ ಸತ್ತಿತು. ನೀನು ಹೇಳಿದ ಮೇಲೆ ಎರಡು ದಿನ ನನಗೆ ಅಂಗಡಿಯಲ್ಲಿ ಮುಖವೆತ್ತಲು ನಾಚಿಕೆಯಾಗಿತ್ತು. ಯಾರಿಗೂ ಗೊತ್ತಿರಲಿಲ್ಲ, ಆದರೂ.

ಭಾಗಾಕಾರದ ಹಾಳೆಗಳು ಇಲ್ಲಿವೆ. ಇವುಗಳ ಮೇಲೆಯೇ ಈಗ ಜಗಳ ಶುರುವಾಗಿದೆ.

ಬಳಗದವರ ಪಾಠದಲ್ಲಿ ಮಕ್ಕಳಿಗೆ ವಾರ ಹೇಳುವ ಆಟವೊಂದಿದೆ. ಒಂದು ಭಾನುವಾರವನ್ನು ಸೊನ್ನೆ ಎಂದಿಟ್ಟುಕೊಳ್ಳುವುದು. ಸೋಮವಾರ ಒಂದು, ಹೀಗೆ ಶನಿವಾರ ಆರು. ಎಷ್ಟು ದಿನ ಮುಂದೆ ಹೋಗಬೇಕೋ ಅದನ್ನು ಏಳರಿಂದ ಭಾಗಿಸಿ ಶೇಷ ನೋಡಿದರೆ ವಾರ ಸಿಗುತ್ತದೆ. ಮುಂದಕ್ಕೆ ಹೋಗುವಾಗ ತಕರಾರಿಲ್ಲ. ಹಿಂದಕ್ಕೆ ಹೋದಾಗ? ಸೊನ್ನೆಯ ಹಿಂದಿನ ದಿನ ಮೈನಸ್ ಒಂದು. ನನ್ನ ಭಾಗಾಕಾರ ಒಂದು ಪೂರ್ತಿ ವಾರ ಹಿಂದಕ್ಕೆ ಹೋಗಿ ಅಲ್ಲಿಂದ ಮುಂದಕ್ಕೆ ಎಣಿಸುತ್ತದೆ; ಶೇಷ ಆರು ಬರುತ್ತದೆ, ಶನಿವಾರ. ಭಾನುವಾರದ ಹಿಂದಿನ ದಿನ ಶನಿವಾರವೇ ತಾನೆ? ಧರ್ಮೇಶ್ ಸರ್ ಹೇಳುವ ಭಾಗಾಕಾರದಲ್ಲಿ ಪೂರ್ತಿ ವಾರ ಆಗದ್ದನ್ನು ಸೊನ್ನೆಯ ಕಡೆಗೆ ಕತ್ತರಿಸುತ್ತಾರೆ, ಭಾಗಲಬ್ಧ ಸೊನ್ನೆ, ಶೇಷ ಮೈನಸ್ ಒಂದು ಎನ್ನುತ್ತಾರೆ. ಮೈನಸ್ ಒಂದನೆಯ ವಾರ ಯಾವುದು? ಪರದೆ ಖಾಲಿ ಬರುತ್ತದೆ.

ಫೋನಿನಲ್ಲಿ ಅವರಿಗೆ ಇದನ್ನೇ ಹೇಳಿದೆ.

"ನೋಡಮ್ಮ, ಯಂತ್ರದ ಒಳಗೇ ಕತ್ತರಿಸೋ ಭಾಗಾಕಾರ ಇರೋದು. ದೊಡ್ಡ ದೊಡ್ಡ ಭಾಷೆಗಳೆಲ್ಲ ಹಾಗೇ ಮಾಡ್ತವೆ. ನಾವ್ಯಾಕೆ ಬೇರೆ?"

"ಬೇರೆ ಥರ ಮಾಡೋ ಭಾಷೆಗಳೂ ಇದಾವೆ ಸರ್. ಮಕ್ಕಳಿಗೆ ಖಾಲಿ ಪರದೆ ತೋರಿಸೋದು ಹೇಗೆ?"

"ಆಟದಲ್ಲಿ ಒಂದು ಏಳು ಕೂಡಿಸಿದ್ರಾಯ್ತಪ್ಪ."

"ಪ್ರತಿಯೊಂದು ಮಗೂನೂ ನೆನಪಿಟ್ಟು ಏಳು ಕೂಡಿಸ್ಬೇಕಾ? ಆ ಕೆಲಸ ನಾನು ಒಂದೇ ಸಲ ಮಾಡಿಡ್ತೀನಿ. ಬದಲಾಯ್ಸಲ್ಲ ಸರ್."

"ಬದಲಾಯ್ಸದಿದ್ರೆ ತಗೊಳಲ್ಲ" ಎಂದರು.

"ತಗೋಬೇಡಿ" ಎಂದೆ.

ಹಾಗೆಂದು ಫೋನು ಇಟ್ಟವಳೇ ಈ ಪತ್ರ ಬರೆಯಲು ಕೂತೆ. ಬೇಗ ಸಹಿ ಹಾಕಿ ಕಳಿಸು. ನೀನು ಜೊತೆಗಿದ್ದೀಯ ಎಂದು ಅವರಿಗೆ ಗೊತ್ತಾಗಲಿ.

ಲಿಖಿತಾ


ಮಾಕುಟ್ಟ
16 ಜುಲೈ 2024

ಲಿಖಿತಾ,

ಸಹಿ ಹಾಕಿಲ್ಲ. ಹಾಳೆಗಳು ನನ್ನ ಹತ್ತಿರವೇ ಇವೆ.

ಕೋಪ ಮಾಡಿಕೊಳ್ಳುವ ಮೊದಲು ಪೂರ್ತಿ ಓದು. ಮೈನಸ್ ಒಂದು ಎಂದರೆ ಒಂದು ದಿನ ಹಿಂದಕ್ಕೆ ಎಂದು ಯಾವ ಮಗುವಿಗೂ ಅರ್ಥವಾಗುತ್ತದೆ. ಅದರಲ್ಲಿ ತಪ್ಪೇನು? ಹತ್ತನ್ನು ಮೂರರಿಂದ ಭಾಗಿಸಿದರೆ ಮೂರು. ಮೈನಸ್ ಹತ್ತನ್ನು ಮೂರರಿಂದ ಭಾಗಿಸಿದರೆ ಮೈನಸ್ ಮೂರು ಬಂದರೆ ಚೆಂದ. ನಿನ್ನದರಲ್ಲಿ ಮೈನಸ್ ನಾಲ್ಕು ಬರುತ್ತದೆ. ಕನ್ನಡಿಯಲ್ಲಿ ನೋಡಿಕೊಂಡರೆ ಬೇರೆ ಯಾರದೋ ಮುಖ ಕಂಡ ಹಾಗೆ. ನನಗೆ ಅದು ಹಿಡಿಸಲಿಲ್ಲ, ಮೊದಲಿಂದಲೂ ಹಿಡಿಸಿರಲಿಲ್ಲ.

ಇನ್ನೊಂದು ಮಾತು. ಇಲ್ಲಿ ನನ್ನ ಎದೆಯ ಮೇಲೆ ಹೆಸರಿನ ಪಟ್ಟಿ ಇದೆ. ದಿನಕ್ಕೆ ಎಷ್ಟೋ ಗಾಡಿಗಳು ನನ್ನ ಮುಂದೆ ನಿಲ್ಲುತ್ತವೆ. ಒಬ್ಬರೂ ಆ ಹೆಸರು ಓದುವುದಿಲ್ಲ, "ಮೇಡಂ, ಬೇಗ" ಎನ್ನುತ್ತಾರೆ. ನಾನು ಕಲಿತಿದ್ದು ಕಂಪ್ಯೂಟರು, ಸಿಕ್ಕಿದ್ದು ಈ ಬ್ಯಾರಿಯರು. ದೂರುತ್ತಿಲ್ಲ, ಕೆಲಸ ಒಳ್ಳೆಯದೇ. ಆದರೆ ಕಲಿತದ್ದರ ಮೇಲೆ ನನ್ನ ಹೆಸರು ಎಲ್ಲಾದರೂ ಉಳಿಯುವುದಿದ್ದರೆ ಅದು ಆ ಮೊದಲ ಪರದೆಯಲ್ಲಿ ಮಾತ್ರ. ಒಂದು ಭಾಗಾಕಾರಕ್ಕಾಗಿ ಅದನ್ನು ಕಳೆಯಬೇಡ.

ಅವ್ವನಿಗೆ ಈ ವಿಷಯ ಹೇಳಿ ಬರೆದಿದ್ದೆ. "ಆ ಹುಡುಗಿಯ ಹಟ ನಂಗೆ ಗೊತ್ತುಟ್ಟು" ಎಂದು ನಮ್ಮ ಅರೆಭಾಷೆಯಲ್ಲೇ ಉತ್ತರ ಬರೆಸಿದ್ದಾಳೆ.

ಒಪ್ಪಿಕೋ.

ಕವನಾ


ಕುಶಾಲನಗರ
24 ಜುಲೈ 2024

ಕವನಾ,

ಓದಿದೆ. ಪೂರ್ತಿ ಓದಿದೆ.

ಕನ್ನಡಿ ಚೆಂದವಿರಲಿ ಎಂದು ಲೆಕ್ಕವನ್ನು ಕತ್ತರಿಸುವವಳು ನಾನಲ್ಲ. ಯಾರಾದರೂ ಹಾರ್ನ್ ಹೊಡೆದ ಕೂಡಲೇ ಬ್ಯಾರಿಯರ್ ಎತ್ತಿ ಎತ್ತಿ ನಿನಗೆ ಅದೇ ಅಭ್ಯಾಸವಾಗಿದೆ.

ಹಾಳೆಗಳನ್ನು ವಾಪಸ್ ಕಳಿಸು. ಸಹಿ ಇಲ್ಲದಿದ್ದರೂ ಪರವಾಗಿಲ್ಲ.

ಲಿಖಿತಾ


ಮಾಕುಟ್ಟ
20 ಆಗಸ್ಟ್ 2024

ಲಿಖಿತಾ,

ಮರ ಬಿದ್ದು ರಸ್ತೆ ಬಂದ್ ಆಗಿತ್ತು. ನಿನ್ನ ಪತ್ರ ತಡವಾಗಿ ತಲುಪಿತು. ತಲುಪದಿದ್ದರೂ ನಡೆಯುತ್ತಿತ್ತು.

ಬ್ಯಾರಿಯರ್ ಎತ್ತುವವಳು ಲೆಕ್ಕವನ್ನೂ ಮಾಡಬಲ್ಲಳು. ಗಾಡಿಗಳಿಲ್ಲದ ಆ ದಿನಗಳಲ್ಲಿ ನಿನ್ನ ಭಾಗಾಕಾರವನ್ನು ಸಾಲು ಸಾಲಾಗಿ ಕೈಯಲ್ಲೇ ಓಡಿಸಿ ನೋಡಿದೆ. ನಮಗೆ ಭಾನುವಾರ ರಜೆ. ಮುತ್ತಣ್ಣ ಅದನ್ನೇ ಜಪ ಮಾಡುತ್ತಿರುತ್ತಾರೆ, "ಎಂಟು ದಿನಕ್ಕೊಂದು ರಜ, ಅದೂ ಮಳೇಲಿ ಹೋಗ್ತದೆ" ಎಂದು. ಅದನ್ನೇ ಇಟ್ಟುಕೊಂಡೆ. ಮೊನ್ನೆ ಹದಿನೆಂಟನೇ ತಾರೀಕಿನ ಭಾನುವಾರ ಸೊನ್ನೆ. ಅಲ್ಲಿಂದ ಹತ್ತು ದಿನ ಹಿಂದಕ್ಕೆ ಹೋದೆ. ಮೈನಸ್ ಹತ್ತನ್ನು ಎಂಟರಿಂದ ಭಾಗಿಸಿದರೆ ನಿನ್ನ ಸಾಲುಗಳ ಪ್ರಕಾರ ಭಾಗಲಬ್ಧ ಮೈನಸ್ ಎರಡು, ಶೇಷ ಆರು. ಆರು ಎಂದರೆ ಶನಿವಾರ. ಕ್ಯಾಲೆಂಡರ್ ನೋಡು. ಎಂಟನೇ ತಾರೀಕು ಗುರುವಾರ.

ನಿನ್ನ ಭಾಗಾಕಾರ ತಪ್ಪು. ಹಟವೂ ತಪ್ಪು.

ಇದನ್ನೇ ಒಂದು ಕಾರ್ಡಿನಲ್ಲಿ ಬರೆದು ಧರ್ಮೇಶ್ ಸರ್‌ಗೆ ಹಾಕಿದ್ದೇನೆ. ಮುಚ್ಚಿಡುವ ಅಭ್ಯಾಸ ನನಗಿಲ್ಲ, ಅದಕ್ಕೇ ನಿನಗೂ ತಿಳಿಸುತ್ತಿದ್ದೇನೆ.

ಕವನಾ


ಕುಶಾಲನಗರ
1 ಸೆಪ್ಟೆಂಬರ್ 2024

ಕವನಾ,

ವಾರಕ್ಕೆ ಎಷ್ಟು ದಿನ?

ಬೆರಳು ಮಡಚಿ ಎಣಿಸು. ಭಾನುವಾರದಿಂದ ಭಾನುವಾರಕ್ಕೆ ಎಂಟು ದಿನ ಎಂದು ಮುತ್ತಣ್ಣ ಹೇಳುತ್ತಾರೆ, ನಮ್ಮಪ್ಪ ಹೇಳುತ್ತಾರೆ, ಸಂತೆಗೆ ಹೋಗುವವರೆಲ್ಲ ಹೇಳುತ್ತಾರೆ. ಈ ತುದಿಯ ಭಾನುವಾರವನ್ನೂ ಆ ತುದಿಯ ಭಾನುವಾರವನ್ನೂ ಸೇರಿಸಿ ಎಣಿಸುವುದು ನಮ್ಮ ಜನರ ಬಾಯಿಮಾತು. ಅದನ್ನು ತಂದು ಭಾಗಾಕಾರದ ಬುಡಕ್ಕೆ ಇಟ್ಟವಳು ಭೂಮಿಯ ಮೇಲೆ ನೀನೊಬ್ಬಳೇ. ಏಳರಿಂದ ಭಾಗಿಸು. ಭಾಗಲಬ್ಧ ಮೈನಸ್ ಎರಡು, ಶೇಷ ನಾಲ್ಕು, ಗುರುವಾರ. ಕ್ಯಾಲೆಂಡರಿಗೂ ನನಗೂ ಜಗಳವಿಲ್ಲ.

ಇನ್ನೂ ಒಂದು. ಅದೇ ಎಂಟನ್ನು ಧರ್ಮೇಶ್ ಸರ್ ಅವರ ಭಾಗಾಕಾರಕ್ಕೆ ಹಾಕಿದ್ದರೆ ಶೇಷ ಮೈನಸ್ ಎರಡು, ನಿನ್ನ ಮಾತಿನಲ್ಲಿ ಎರಡು ದಿನ ಹಿಂದಕ್ಕೆ, ಶುಕ್ರವಾರ. ಅದೂ ತಪ್ಪೇ. ಅದನ್ನು ನೀನು ಪರೀಕ್ಷಿಸಲೇ ಇಲ್ಲ. ನನ್ನದನ್ನು ಮಾತ್ರ ಪರೀಕ್ಷಿಸಿದೆ. ನನಗೆ ನಗು ಬಂದದ್ದು ಎಂಟಕ್ಕೆ. ಇದಕ್ಕೆ ಬರಲಿಲ್ಲ.

ನಿನ್ನ ಕಾರ್ಡು ಹಿಡಿದುಕೊಂಡು ಅವರು ಅಂಗಡಿಗೇ ಬಂದರು. ಲ್ಯಾಮಿನೇಶನ್ ಮಾಡಿಸಲು ನಾಲ್ಕು ಜನ ನಿಂತಿದ್ದರು.

"ನಿಮ್ಮ ಗೆಳತೀನೇ ಬರ್ದಿದಾರೆ, ತಪ್ಪು ಅಂತ. ಇನ್ನೇನು ಸಾಕ್ಷಿ ಬೇಕಮ್ಮ?"

"ಓದಿ ನೋಡಿ ಸರ್. ವಾರಾನ ಎಂಟರಿಂದ ಭಾಗಿಸಿದಾಳೆ."

ಅವರು ಕನ್ನಡಕ ಸರಿಮಾಡಿಕೊಂಡು ಓದಿದರು. ಎಂಟು ಅವರ ಕಣ್ಣಿಗೂ ಬಿದ್ದಿರಲಿಲ್ಲ ಎಂದು ಮುಖದಲ್ಲೇ ತಿಳಿಯಿತು. ಆದರೂ ಕಾರ್ಡನ್ನು ಜೇಬಿಗೆ ಹಾಕಿಕೊಂಡರು.

"ಎಷ್ಟರಿಂದಾದ್ರೂ ಭಾಗಿಸ್ಲಿ. ಅವರಿಗೆ ಬದಲಾವಣೆ ಒಪ್ಪಿಗೆ ಇದೆ, ನಿಮಗಿಲ್ಲ. ಮೊದಲ ಪರದೇಲಿ ಒಂದೇ ಹೆಸರು ಇಟ್ಟರಾಯ್ತು. ಒಂದು ಹೆಸರಿಗೆ ಒಂದು ಸಹಿ ಸಾಕು."

"ಕೋಡು ಇಬ್ಬರದು ಸರ್."

"ಅವರು ಬರ್ದುಕೊಟ್ರೆ ಅವರದು."

ಲ್ಯಾಮಿನೇಶನ್‌ಗೆ ನಿಂತಿದ್ದ ಹೆಂಗಸೊಬ್ಬಳು, "ಯಾರ್ದೇ ಆಗ್ಲಿ, ಮೊದ್ಲು ನನ್ನ ರೇಷನ್ ಕಾರ್ಡ್ ಕೊಡಿ" ಎಂದಳು. ಇಲ್ಲದಿದ್ದರೆ ನಾನೇನು ಮಾಡುತ್ತಿದ್ದೆನೋ.

ಅವರ ಕಾಗದ ನಿನಗೆ ಬರುತ್ತದೆ. ನೀನು ಸಹಿ ಹಾಕಿದರೆ ಭಾಗಾಕಾರ ಅವರು ಹೇಳಿದಂತಾಗುತ್ತದೆ, ಮೊದಲ ಪರದೆಯಲ್ಲಿ ನಿನ್ನ ಹೆಸರು ಒಂದೇ ಇರುತ್ತದೆ. ಹಾಕಬೇಡ ಎಂದು ನಾನು ಬೇಡಿಕೊಳ್ಳುವುದಿಲ್ಲ. ಅಷ್ಟೇ ತಿಳಿಸಲು ಬರೆದೆ.

ಲಿಖಿತಾ


ಮಾಕುಟ್ಟ
29 ಸೆಪ್ಟೆಂಬರ್ 2024

ಧರ್ಮೇಶ್ ಸರ್ ಅವರಿಗೆ,
ಎಣಿಕೆ ಬಳಗ, ಮೈಸೂರು

ನಮಸ್ಕಾರ.

ನೀವು ಕಳಿಸಿದ ಒಪ್ಪಂದದ ಕಾಗದ ಎರಡು ವಾರದಿಂದ ನನ್ನ ಮೇಜಿನ ಮೇಲಿದೆ. ಅದರಲ್ಲಿ ನನ್ನ ಹೆಸರನ್ನು ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದೀರಿ. ಅಷ್ಟು ದಪ್ಪದಲ್ಲಿ ಅದನ್ನು ನಾನು ಹಿಂದೆ ನೋಡಿರಲಿಲ್ಲ. ಸುಳ್ಳೇಕೆ ಹೇಳಲಿ, ದಿನಾ ಒಮ್ಮೆ ತೆಗೆದು ನೋಡುತ್ತಿದ್ದೆ.

ಕಾಗದವನ್ನು ಸಹಿ ಹಾಕದೆ ಹಿಂತಿರುಗಿಸುತ್ತಿದ್ದೇನೆ.

ನನ್ನ ಕಾರ್ಡಿನಲ್ಲಿದ್ದ ಲೆಕ್ಕ ತಪ್ಪು. ವಾರಕ್ಕೆ ಏಳು ದಿನ. ಅದನ್ನು ಸಾಕ್ಷಿ ಎಂದು ಇನ್ನು ಯಾರಿಗೂ ತೋರಿಸಬೇಡಿ. ತೋರಿಸಿದರೆ ನಗುವುದು ನನ್ನನ್ನು ನೋಡಿ ಮಾತ್ರ ಅಲ್ಲ, ಓದದೆ ಜೇಬಿನಲ್ಲಿಟ್ಟುಕೊಂಡು ತಿರುಗಿದವರನ್ನು ನೋಡಿಯೂ ನಗುತ್ತಾರೆ.

ಭಾಗಾಕಾರದ ವಿಷಯ. ಲಿಖಿತಾಳ ರೀತಿ ನನಗೆ ಇವತ್ತಿಗೂ ಪೂರ್ತಿ ಹಿಡಿಸಿಲ್ಲ. ಅದು ನನಗೂ ಅವಳಿಗೂ ಇರುವ ಜಗಳ. ಹತ್ತು ವರ್ಷ ನಡೆದರೂ ನಡೆಯಲಿ. ಆ ಜಗಳದ ಸಂದಿಯಲ್ಲಿ ಕೈ ಹಾಕಿ ಒಂದು ಹೆಸರು ಕಿತ್ತುಕೊಳ್ಳಲು ಬೇರೆಯವರಿಗೆ ದಾರಿಯಿಲ್ಲ. ಗೆಣ್ಣು ಬೇಕಿದ್ದರೆ ಎರಡು ಹೆಸರು, ಎರಡು ಸಹಿ, ಈಗಿರುವ ಭಾಗಾಕಾರ. ಬೇಡವಾದರೆ ಬೇಡ.

ನಮ್ಮಲ್ಲಿ ಕೆಲವರು, ಹಾರ್ನ್ ಹೊಡೆದರೆ ಬ್ಯಾರಿಯರ್ ಏಳುತ್ತದೆ ಎಂದುಕೊಂಡಿದ್ದಾರೆ. ಹಾಗೇನಿಲ್ಲ ಎಂದು ಅವರಿಗೂ ತಿಳಿಯಲಿ ಎಂದು ಈ ಪತ್ರದ ಒಂದು ಪ್ರತಿಯನ್ನು ಕುಶಾಲನಗರಕ್ಕೆ ಕಳಿಸುತ್ತಿದ್ದೇನೆ.

ಇತಿ,
ಕವನಾ
ಅರಣ್ಯ ರಕ್ಷಕಿ


ಕುಶಾಲನಗರ
17 ನವೆಂಬರ್ 2024

ಪ್ರೀತಿಯ ಕವನಾ,

ಪ್ರತಿ ಬಂದು ಆರು ವಾರವಾಯಿತು. ದಿನಾ ಉತ್ತರ ಬರೆಯಲು ಕೂರುತ್ತಿದ್ದೆ. ಒಂದು ಸಾಲು ಬರೆಯುತ್ತಿದ್ದೆ, ಯಾರೋ ಪಾಸ್‌ಪೋರ್ಟ್ ಫೋಟೋಗೆ ಬರುತ್ತಿದ್ದರು. ಫೋಟೋದವರು ಹೋದ ಮೇಲೆ ಆ ಸಾಲು ಸರಿಯಿಲ್ಲ ಅನಿಸುತ್ತಿತ್ತು.

ಜುಲೈ ತಿಂಗಳ ನನ್ನ ಪತ್ರ ಇನ್ನೂ ನಿನ್ನಲ್ಲಿದ್ದರೆ ಬ್ಯಾರಿಯರಿನ ಸಾಲನ್ನು ಕತ್ತರಿಸಿ ತೆಗೆದುಬಿಡು. ಕತ್ತರಿಸುವುದರಲ್ಲಿ ನಿನಗೆ ನಂಬಿಕೆ ಇದೆಯಲ್ಲ.

ಬಳಗದವರು ಬೇರೆ ಯಾವುದನ್ನೋ ತೆಗೆದುಕೊಂಡರು. ಶಾಲೆ ಇಲ್ಲ, ಮೊದಲ ಪರದೆ ಇಲ್ಲ. ಅಪ್ಪ ಊಟದ ಹೊತ್ತಿನಲ್ಲಿ ಒಂದೇ ಮಾತು ಕೇಳಿದರು. "ಒಂದು ಗೀಟು ಅತ್ಲಾಗೋ ಇತ್ಲಾಗೋ ಅಂತ ಬಿಟ್ಟುಬಂದ್ಯಾ?" ಹೌದು ಎಂದೆ. "ಗೀಟು ಸರಿಯಾಗಿತ್ತಾ?" ಸರಿಯಾಗಿತ್ತು ಎಂದೆ. ಸಾರು ಬಡಿಸಿಕೊಂಡರು.

ನಾನು ಸುಮ್ಮನೆ ಕೂರಲಿಲ್ಲ. ಗೆಣ್ಣನ್ನು ಯಾರು ಬೇಕಾದರೂ ಬಳಸಲಿ ಎಂದು ಅಂತರ್ಜಾಲದಲ್ಲಿ ಹಾಕಿದ್ದೇನೆ. ಕರಾರು ಮುರಿದಿಲ್ಲ. ಭಾಗಾಕಾರದ ಹಾಳೆಗಳು ಪ್ರತಿಯ ಜೊತೆಯಲ್ಲೇ ವಾಪಸ್ ಬಂದಿದ್ದವು. ಒಂದೊಂದು ಹಾಳೆಯ ಕೆಳಗೂ ಕೆಂಪು ಶಾಯಿಯಲ್ಲಿ ನಿನ್ನ ಸಹಿ ಇತ್ತು. ಅದರ ಬಗ್ಗೆ ನೀನು ಒಂದು ಮಾತೂ ಬರೆದಿರಲಿಲ್ಲ. ನಾನೂ ಬರೆಯುವುದಿಲ್ಲ.

ಹಾಕಿ ಎಂಟು ದಿನಕ್ಕೆ (ನಿನ್ನ ಎಂಟು) ಮೊದಲ ದೂರು ಬಂತು. ಹಾಸನದ ಕಾಲೇಜಿನ ಮೇಷ್ಟ್ರಂತೆ. "ನಿಮ್ಮ ಭಾಗಾಕಾರ ಎಲ್ಲರ ಹಾಗಿಲ್ಲ, ಕೂಡಲೇ ಸರಿಪಡಿಸಿ" ಎಂದು ಬರೆದಿದ್ದಾರೆ. ಮೂರು ಪುಟದ ಉತ್ತರ ತಯಾರು ಮಾಡಿದ್ದೇನೆ. ವಾರದ ಉದಾಹರಣೆ, ಗಡಿಯಾರದ ಉದಾಹರಣೆ, ಎಲ್ಲ ಇದೆ. ಈ ಉತ್ತರ ಇಬ್ಬರ ಹೆಸರಿನಲ್ಲಿ ಹೋಗಬೇಕು. ಓದು, ತಿದ್ದು.

ನಿನ್ನ
ಲಿಖಿತಾ


ಮಾಕುಟ್ಟ
1 ಡಿಸೆಂಬರ್ 2024

ಪ್ರೀತಿಯ ಲಿಖಿತಾ,

ನಿನ್ನ ಮೂರು ಪುಟವನ್ನೂ ಕೆಂಪು ಪೆನ್ನಿನಲ್ಲಿ ಹೊಡೆದುಹಾಕಿದ್ದೇನೆ. ಕೂಡಲೇ ಸರಿಪಡಿಸಿ ಎಂದವನಿಗೆ ಅಷ್ಟು ಉದ್ದಕ್ಕೆ ಬೇಡಿಕೊಳ್ಳುವುದು ಯಾಕೆ? ಬದಲಿಗೆ ಇಷ್ಟು ಬರೆ:

"ಸ್ವಾಮಿ, ಇದು ಹೀಗೆಯೇ ಇರಲಿ ಎಂದು ಮಾಡಿದ್ದು. ನಮ್ಮಿಬ್ಬರಲ್ಲಿ ಒಬ್ಬಳಿಗೆ ನಿಮ್ಮ ಅಭಿಪ್ರಾಯವೇ ಇದೆ, ಅವಳೂ ಸಹಿ ಹಾಕಿದ್ದಾಳೆ. ಬದಲಾಗುವುದಿಲ್ಲ."

ಕೆಳಗೆ ಎಡಗಡೆ ನನ್ನ ಹೆಸರು ಬರೆದಿದ್ದೇನೆ. ಬಲಗಡೆ ಜಾಗ ಬಿಟ್ಟಿದ್ದೇನೆ, ನಿನ್ನದನ್ನು ಹಾಕು.

ಮುಂದೆ ಘಾತದ ಹಾಳೆಗಳನ್ನು ಕಳಿಸುತ್ತೀಯ ಎಂದು ಗೊತ್ತು. ಸೊನ್ನೆಯ ಸೊನ್ನೆ ಘಾತ ಎಷ್ಟೆಂದರೆ ಒಂದು ಎಂದು ಅದರಲ್ಲಿ ಬರೆದಿರುತ್ತೀಯ. ನಾನು ಒಪ್ಪುವುದಿಲ್ಲ. ಬೇಗ ಕಳಿಸು.

ನಿನ್ನ
ಕವನಾ